ಔಷಧಿ ಹಾಕಿದ ತಟ್ಟೆಯಲ್ಲಿ ಹಾಯಾಗಿ ಬೆಳೆಯುವ ಬೆಂಕಿ ರೋಗದ ಬೂಷ್ಟು ಔಷಧಿ ಹಾಕಿದ ಎಲೆ ಮೇಲೆ ಮಾತ್ರ ಯಾಕೆ ಸೋಲುತ್ತದೆ?

ಬೂಷ್ಟು ಹುಡುಗಿ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸಸ್ಯರೋಗ ಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಒಂದು ವಿಷಯ ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ. ಗೈಡ್ ಹತ್ತಿರ ಹೋಗುವ ಮುಂಚೆ ಇಲ್ಲಿ ಕೇಳೋಣ ಅಂತ ಬಂದೆ.

ನಮ್ಮ ಸೋದರಮಾವನ ಭತ್ತದ ಗದ್ದೆಗೆ ಈ ಸಲ ಬೆಂಕಿ ರೋಗ ಬಂತು. ಎಲೆ ತುಂಬಾ ಕಣ್ಣಿನಾಕಾರದ ಚುಕ್ಕೆ. ಟ್ರೈಸೈಕ್ಲಜೋಲ್ ಅನ್ನುವ ಔಷಧಿ ಹೊಡೆದರು. ಹೊಡೆದ ಮೇಲೂ ಮೂರು ದಿನ ಚುಕ್ಕೆ ಜಾಸ್ತಿ ಆಗುತ್ತಲೇ ಹೋಯಿತು. "ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದ್ದಾನೆ, ನೀನು ಓದ್ತಾ ಇರೋದು ಇದೇ ತಾನೇ, ನೋಡು" ಅಂತ ಉಳಿದ ಪುಡಿಯನ್ನು ಪೊಟ್ಟಣ ಕಟ್ಟಿ ಬಸ್ಸಿನಲ್ಲಿ ಕಳಿಸಿದರು.

ನಾನು ಆ ಪುಡಿಯನ್ನು ಸ್ವಲ್ಪ ಪ್ರಮಾಣದಲ್ಲಿ ಲ್ಯಾಬಿನ ತಟ್ಟೆಯಲ್ಲಿ ಬೂಷ್ಟು ಬೆಳೆಸುವ ಅಗಾರ್‌ಗೆ ಬೆರೆಸಿ, ಮಾವನ ಗದ್ದೆಯ ಎಲೆಯಿಂದಲೇ ಬೇರ್ಪಡಿಸಿದ ಶಿಲೀಂಧ್ರವನ್ನು ಅದರ ಮೇಲೆ ಇಟ್ಟೆ. ಪಕ್ಕದಲ್ಲಿ ಔಷಧಿ ಇಲ್ಲದ ಇನ್ನೊಂದು ತಟ್ಟೆ. 10ನೇ ದಿನ ಅಳೆದೆ. ಎರಡೂ ಹೆಚ್ಚುಕಮ್ಮಿ ಒಂದೇ ಅಗಲ! ಒಂದೇ ವ್ಯತ್ಯಾಸ ಅಂದರೆ ಔಷಧಿ ಇಲ್ಲದ್ದು ಕಪ್ಪು ಬೂದು ಬಣ್ಣ, ಔಷಧಿ ಹಾಕಿದ್ದು ಒಂಥರಾ ಕೆಂಗಂದು.

ಇದಕ್ಕೆ ಏನು ಅರ್ಥ? ಪುಡಿ ಡೂಪ್ಲಿಕೇಟಾ, ಇಲ್ಲ ನಮ್ಮ ಶಿಲೀಂಧ್ರಕ್ಕೆ ಔಷಧಿ ಒಗ್ಗಿಹೋಗಿದೆಯಾ?

ಸುಮ್ನೆ ಕೇಳ್ದೆ | ಸೋಮವಾರ, ರಾತ್ರಿ 9:52

ಡೂಪ್ಲಿಕೇಟು. ಇದಕ್ಕೆ ಎಂಎಸ್ಸಿ ಬೇಕಾ?

ನಾಲೆ ಬಯಲು | ಸೋಮವಾರ, ರಾತ್ರಿ 10:05

ನಮ್ಮದೂ ಅದೇ ಕಥೆ ಕಣಮ್ಮ. ಮಂಡ್ಯ ಕಡೆ, ನಾಲೆಯ ಕೊನೇ ಭಾಗ. ಹೋದ ವರ್ಷ ತೆನೆ ಬಂದ ಮೇಲೆ ತೆನೆಯ ಕುತ್ತಿಗೆಗೆ ಬೆಂಕಿ ಬಂತು. ಔಷಧಿ ಹೊಡೆದೆ. ತೆನೆ ಬೆಳ್ಳಗೆ ನಿಂತಿತ್ತು, ಮುಟ್ಟಿದರೆ ಬರೀ ಜೊಳ್ಳು. ಅಂಗಡಿಯವರನ್ನು ಬೈದು ಬಂದೆ. ಆಮೇಲೆ ಅವರ ಮುಖ ನೋಡಿಲ್ಲ.

ಎಲೆಕಣ್ಣು | ಮಂಗಳವಾರ, ಬೆಳಗ್ಗೆ 6:20

ಬೂಷ್ಟು ಹುಡುಗಿ ಅವರೇ, ನಿಮ್ಮ ಕೈಯಲ್ಲೇ ಉತ್ತರ ಇದೆ. ನೀವು ಅಗಲ ಅಳೆದಿರಿ, ಬಣ್ಣವನ್ನು ಸುಮ್ನೆ ಬಿಟ್ಟಿರಿ. ಆ ಕೆಂಗಂದು ಬಣ್ಣವೇ ಪುಡಿ ಅಸಲಿ ಅನ್ನುವುದಕ್ಕೆ ಸಾಕ್ಷಿ.

ಟ್ರೈಸೈಕ್ಲಜೋಲ್ ಶಿಲೀಂಧ್ರವನ್ನು ಕೊಲ್ಲುವ ಔಷಧಿ ಅಲ್ಲ. ಅದು ಮೆಲನಿನ್ ತಯಾರಿಯನ್ನು ನಿಲ್ಲಿಸುತ್ತದೆ. ಮೆಲನಿನ್ ಅಂದರೆ ಆ ಕಪ್ಪು ಬಣ್ಣ. ತಟ್ಟೆಯಲ್ಲಿ ಬಿದ್ದುಕೊಂಡು ಅಗಾರ್ ತಿನ್ನುವ ಶಿಲೀಂಧ್ರಕ್ಕೆ ಕಪ್ಪಗಿದ್ದರೇನು, ಕೆಂಪಗಿದ್ದರೇನು? ಊಟ ಎದುರಿಗಿದೆ, ತಿನ್ನುತ್ತದೆ, ಬೆಳೆಯುತ್ತದೆ. ಎಲೆ ಮೇಲೆ ಹಾಗಲ್ಲ. ಅಲ್ಲಿ ಮೊದಲು ಗೋಡೆ ಒಡೆಯಬೇಕು. ಗೋಡೆ ಒಡೆಯಲು ಮೆಲನಿನ್ ಬೇಕೇ ಬೇಕು.

ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಇದರ ಬೀಜಾಣು ಮೂರು ಕೋಣೆಯದು, ನೀರಿನ ಹನಿಯಂತೆ ಒಂದು ತುದಿ ಚೂಪು. ಇಬ್ಬನಿಯಲ್ಲಿ ಎಲೆ ಮೇಲೆ ಬೀಳುತ್ತದೆ. ಚೂಪು ತುದಿಯಿಂದ ಅಂಟು ಬಿಟ್ಟು ಗಟ್ಟಿಯಾಗಿ ಕೂರುತ್ತದೆ. ಎರಡು ಗಂಟೆಯೊಳಗೆ ಮೊಳಕೆ. ಮೊಳಕೆ ಸ್ವಲ್ಪ ದೂರ ಹರಿದು, ಎಲೆ ಗಟ್ಟಿ ಇದೆ, ಮೇಣದಂತಿದೆ ಅಂತ ಗೊತ್ತಾದ ಕೂಡಲೇ ನಿಂತು, ತುದಿಯಲ್ಲಿ ಒಂದು ಗುಂಡಗಿನ ಗುಮ್ಮಟ ಕಟ್ಟುತ್ತದೆ. ಅದೇ ಅಪ್ರೆಸೋರಿಯಂ. ಬೀಜಾಣುವಿನ ಮೂರು ಕೋಣೆಯಲ್ಲಿದ್ದ ಸರಕೆಲ್ಲ ಆ ಗುಮ್ಮಟಕ್ಕೆ ಸಾಗುತ್ತದೆ. ಮೂರೂ ಕೋಣೆ ತಮ್ಮನ್ನೇ ತಾವು ಜೀರ್ಣ ಮಾಡಿಕೊಂಡು ಸಾಯುತ್ತವೆ. ಮನೆಯ ತೊಲೆ ಬಾಗಿಲು ಮಾರಿ ಮಗನನ್ನು ಓದಿಸಿದ ಹಾಗೆ.

ಗುಮ್ಮಟದೊಳಗೆ ಗ್ಲಿಸರಾಲ್ ತುಂಬುತ್ತದೆ. ಹೊರಗಿನ ನೀರು ಒಳಗೆ ನುಗ್ಗುತ್ತದೆ. ಮೆಲನಿನ್ ಪದರ ಏನು ಮಾಡುತ್ತದೆ ಅಂದರೆ, ನೀರನ್ನು ಒಳಗೆ ಬಿಡುತ್ತದೆ, ಗ್ಲಿಸರಾಲನ್ನು ಹೊರಗೆ ಬಿಡಲ್ಲ. ಒತ್ತಡ ಏರುತ್ತಾ ಏರುತ್ತಾ 8 ಮೆಗಾಪಾಸ್ಕಲ್‌ವರೆಗೆ ಹೋಗುತ್ತದೆ. ಕಾರಿನ ಟೈರಿನ ಗಾಳಿಗಿಂತ ಸುಮಾರು 40 ಪಟ್ಟು. ಅಡಿಯಲ್ಲಿ ಒಂದು ಸಣ್ಣ ಮೊಳೆಯಂಥದ್ದು ಹೊರಟು ಎಲೆಯ ತೊಗಟೆ ತೂತು ಮಾಡುತ್ತದೆ. ಇಷ್ಟೂ ಒಂದು ದಿನ ಒಂದು ರಾತ್ರಿಯ ಒಳಗೆ ಮುಗಿಯುತ್ತದೆ.

ಮೆಲನಿನ್ ಇಲ್ಲದಿದ್ದರೆ ಗ್ಲಿಸರಾಲ್ ಸೋರಿಹೋಗುತ್ತದೆ. ಗುಮ್ಮಟ ಇರುತ್ತದೆ, ಒತ್ತಡ ಇರಲ್ಲ. ಪಂಕ್ಚರ್ ಆದ ಟೈರು.

ಬೂಷ್ಟು ಹುಡುಗಿ | ಮಂಗಳವಾರ, ಬೆಳಗ್ಗೆ 8:15

ಅಯ್ಯೋ! ಮೆಲನಿನ್ ವಿಷಯ ಪರೀಕ್ಷೆಗೆ ಬರೆದಿದ್ದೇನೆ ಸರ್, ಐದು ಅಂಕಕ್ಕೆ. ತಟ್ಟೆ ಎದುರಿಗಿದ್ದಾಗ ಹೊಳೆಯಲೇ ಇಲ್ಲ.

ಹಾಗಾದರೆ ಮಾವನ ಗದ್ದೆಯಲ್ಲಿ ಯಾಕೆ ಕೆಲಸ ಮಾಡಲಿಲ್ಲ?

ಎಲೆಕಣ್ಣು | ಮಂಗಳವಾರ, ಬೆಳಗ್ಗೆ 8:40

ಅವರು ಯಾವಾಗ ಹೊಡೆದರು? ಚುಕ್ಕೆ ನೋಡಿದ ಮೇಲೆ ಅಲ್ವಾ? ಬೀಜಾಣು ಬಿದ್ದು ಚುಕ್ಕೆ ಕಾಣಿಸಲು ನಾಲ್ಕೈದು ದಿನ ಬೇಕು. ಔಷಧಿ ಹೊಡೆದ ದಿನ ಎಲೆಯೊಳಗೆ ಆಗಲೇ ಸೇರಿಕೊಂಡಿದ್ದ ಶಿಲೀಂಧ್ರ ಎಷ್ಟೋ. ಒಳಗೆ ಹೋದ ಮೇಲೆ ಅದಕ್ಕೆ ಗುಮ್ಮಟದ ಕೆಲಸ ಮುಗಿದಿದೆ. ಕಳ್ಳ ಮನೆಯೊಳಗೆ ಕೂತು ಊಟ ಮಾಡುತ್ತಿರುವಾಗ ನೀವು ಬಾಗಿಲಿಗೆ ಬೀಗ ಹಾಕಿದಿರಿ. ಆಮೇಲಿನ ಮೂರು ದಿನ ಕಂಡ ಚುಕ್ಕೆಗಳೆಲ್ಲ ಹಳೇ ಬಾಕಿ. ಹೊಸ ಎಲೆ ನೋಡಲು ಹೇಳಿ, ಅಲ್ಲಿ ಚುಕ್ಕೆ ಕಮ್ಮಿ ಇದ್ದರೆ ಔಷಧಿ ಕೆಲಸ ಮಾಡಿದೆ.

ಮೆಲನಿನ್ ದಾರಿಯ ಮೂರು ಜೀನ್‌ಗಳಿಗೆ ಹೆಸರಿಟ್ಟಿದ್ದೇ ಬಣ್ಣ ನೋಡಿ. ಆಲ್ಬಿನೋ, ರೋಸಿ, ಬಫ್. ಯಾವುದು ಕೆಟ್ಟರೆ ತಟ್ಟೆಯಲ್ಲಿ ಬಿಳಿ, ಗುಲಾಬಿ, ಕಂದು ಬರುತ್ತದೋ ಆ ಹೆಸರು. ಬಫ್ ಜೀನಿನಿಂದ ಆಗುವ ಕಿಣ್ವವನ್ನೇ ಟ್ರೈಸೈಕ್ಲಜೋಲ್ ಹಿಡಿದುಕೊಳ್ಳುವುದು. ಈ ಮೂರರಲ್ಲಿ ಯಾವುದು ಕೆಟ್ಟ ಶಿಲೀಂಧ್ರವನ್ನೂ ಚೆನ್ನಾಗಿರುವ ಎಲೆ ಮೇಲೆ ಇಟ್ಟರೆ ರೋಗ ಬರಲ್ಲ. ಎಲೆಯನ್ನು ಸೂಜಿಯಿಂದ ಗೀರಿ ಇಟ್ಟರೆ ಬರುತ್ತದೆ! ಗೋಡೆ ನೀವೇ ಒಡೆದುಕೊಟ್ಟಿರಲ್ಲ.

ನಾಲೆ ಬಯಲು | ಮಂಗಳವಾರ, ಮಧ್ಯಾಹ್ನ 1:30

ಸರ್, ಇದು ಮೊದಲೇ ಗೊತ್ತಿದ್ದರೆ ಅಂಗಡಿಯವರನ್ನು ಬೈತಾ ಇರಲಿಲ್ಲ. ಅಂದರೆ ಕುತ್ತಿಗೆ ಬೆಂಕಿಗೆ ತೆನೆ ಬಿಳುಚಿದ ಮೇಲೆ ಹೊಡೆಯುವುದು ದಂಡ?

ಎಲೆಕಣ್ಣು | ಮಂಗಳವಾರ, ಮಧ್ಯಾಹ್ನ 2:10

ದಂಡವೇ ಅಣ್ಣ. ಹೊಡೆ ತುಂಬಿ ತೆನೆ ಇಣುಕುವ ಹೊತ್ತಿಗೆ ಹೊಡೆಯಬೇಕು. ನೀರಲ್ಲಿ ಕಲೆಸುವ 75 ಡಬ್ಲ್ಯೂಪಿ ಪುಡಿಯಾದರೆ ಲೀಟರ್ ನೀರಿಗೆ 0.6 ಗ್ರಾಂ. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಅಂತ ಏನಿಲ್ಲ. ಹೊರದೇಶಕ್ಕೆ ಅಕ್ಕಿ ಕಳಿಸುವವರಿಗೆ ಅಕ್ಕಿಯಲ್ಲಿ ಉಳಿಯುವ ಔಷಧಿಯ ಶೇಷದ ತಲೆನೋವು ಬೇರೆ. ಯುರೋಪಿನವರು 2017ರಲ್ಲೇ ಈ ಔಷಧಿಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿದರು.

ಸುಮ್ನೆ ಕೇಳ್ದೆ | ಮಂಗಳವಾರ, ಸಂಜೆ 7:00

ಸರಿ, ನಾನು ದುಡುಕಿದೆ. ಆದರೆ ಒಂದು ಪ್ರಶ್ನೆ. ತಟ್ಟೆಯಲ್ಲಿರುವುದೂ ಅದೇ ಶಿಲೀಂಧ್ರ, ಎಲೆ ಮೇಲಿರುವುದೂ ಅದೇ. ಒಂದು ಕಡೆ ಸಾಧು, ಒಂದು ಕಡೆ ಕಳ್ಳ. ಹೇಗೆ?

ಪಿಪೆಟ್ಟು | ಮಂಗಳವಾರ, ರಾತ್ರಿ 8:25

ಇದು ನನ್ನ ಏರಿಯಾ, ಬರ್ತೀನಿ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಆರ್‌ಎನ್‌ಎ (ಜೀನ್ ಓಡಿದಾಗ ಹೊರಡುವ ಅದರ ನಕಲು) ತೆಗೆಯುವುದೇ ನನ್ನ ಹೊಟ್ಟೆಪಾಡು.

ಜೀನ್ ಇರುವುದು ಬೇರೆ, ಜೀನ್ ಓಡುವುದು ಬೇರೆ. ಬೆಂಕಿ ರೋಗದ ಶಿಲೀಂಧ್ರದ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಓದು, 2005ರಲ್ಲಿ ಬಂತು. ಸುಮಾರು 11,000 ಜೀನ್. ಅಡುಗೆಮನೆಯ ಕಪಾಟಿನಲ್ಲಿ ಎಲ್ಲ ಡಬ್ಬಿ ಇರುತ್ತದೆ, ಆದರೆ ಸಾರು ಮಾಡುವ ದಿನ ಏಲಕ್ಕಿ ಡಬ್ಬಿ ತೆಗೆಯಲ್ಲ ಅಲ್ವಾ? ಹಾಗೆ. ಯಾವ ಹೊತ್ತಿಗೆ ಯಾವ ಡಬ್ಬಿ ತೆರೆದಿದೆ ಅನ್ನುವುದನ್ನು ಆರ್‌ಎನ್‌ಎ ಹೇಳುತ್ತದೆ.

2023ರಲ್ಲಿ ಇಂಗ್ಲೆಂಡಿನ ನಿಕ್ ಟ್ಯಾಲ್ಬಟ್ ಅವರ ಗುಂಪು ಭತ್ತದ ಎಲೆಯಲ್ಲಿ ಸೋಂಕಿನ ಒಂದೊಂದು ಹಂತದಲ್ಲೂ ಈ ಶಿಲೀಂಧ್ರದ ಆರ್‌ಎನ್‌ಎ ಅಳೆಯಿತು. ಒಟ್ಟಿಗೆ ಏಳುವ, ಒಟ್ಟಿಗೆ ಇಳಿಯುವ ಜೀನ್‌ಗಳನ್ನು ಗುಂಪು ಮಾಡಿದಾಗ 10 ಗುಂಪು ಸಿಕ್ಕವು. ಶಿಲೀಂಧ್ರ ಹೊರಗೆ ಕಳಿಸುವ ಪ್ರೋಟೀನ್‌ಗಳ 863 ಜೀನ್‌ಗಳು ಬೇರೆ ಬೇರೆ ಹಂತದಲ್ಲಿ ಏರಿಳಿದವು. ಅದರಲ್ಲಿ 546 ಎಫೆಕ್ಟರ್ ಇರಬಹುದು ಅಂತ ಅವರ ಅಂದಾಜು.

ಎಫೆಕ್ಟರ್ ಅಂದರೆ ಗಿಡವನ್ನು ಯಾಮಾರಿಸುವ ಪ್ರೋಟೀನ್. ಒಂದು ಉದಾಹರಣೆ ಸಾಕು. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಇದೆ. ಅದರ ಚೂರು ಸಿಕ್ಕರೆ ಭತ್ತ ಎಚ್ಚರವಾಗುತ್ತದೆ. ಅದಕ್ಕೇ ಶಿಲೀಂಧ್ರ ಎಸ್ಎಲ್‌ಪಿ1 ಅನ್ನುವ ಪ್ರೋಟೀನ್ ಬಿಡುತ್ತದೆ. ಅದು ಕೈಟಿನ್ ಚೂರುಗಳನ್ನು ಭತ್ತಕ್ಕೆ ಸಿಗುವ ಮುಂಚೆಯೇ ಬಾಚಿಕೊಳ್ಳುತ್ತದೆ. ಹೆಜ್ಜೆಗುರುತು ಅಳಿಸುತ್ತಾ ನಡೆದ ಹಾಗೆ.

ತಟ್ಟೆಯಲ್ಲಿ ಇಂಥ ಜೀನ್‌ಗಳಲ್ಲಿ ಬಹಳಷ್ಟು ಮಲಗಿರುತ್ತವೆ. ಮಲಗಿರುತ್ತವೆ ಅಂದರೆ ಸುಮ್ನೆ ಅಲ್ಲ, ಮಲಗಿಸಿರುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳ ಮೇಲೆ ಒಂದು ರಾಸಾಯನಿಕ ಗುರುತು ಹಾಕಿ ಹಲವು ಎಫೆಕ್ಟರ್ ಜೀನ್‌ಗಳಿಗೆ ಬೀಗ ಜಡಿದಿರುತ್ತದೆ. ಗಿಡದೊಳಗೆ ಹೋದಾಗ ಬೀಗ ತೆಗೆಯುತ್ತದೆ. ಬೇಡದ ಹೊತ್ತಿನಲ್ಲಿ ಎಫೆಕ್ಟರ್ ಬಿಟ್ಟರೆ ಗಿಡಕ್ಕೆ ಸುಳಿವು ಸಿಗುತ್ತದೆ, ಶಕ್ತಿಯೂ ದಂಡ.

ಬೂಷ್ಟು ಹುಡುಗಿ | ಮಂಗಳವಾರ, ರಾತ್ರಿ 9:10

ಪಿಪೆಟ್ಟು ಅವರೇ, ಹಾಗಾದರೆ ನನ್ನ ಪ್ರಾಜೆಕ್ಟಿಗೆ ಒಂದು ಐಡಿಯಾ. ಔಷಧಿ ಹಾಕಿದ ಎಲೆ, ಹಾಕದ ಎಲೆ, ಎರಡರಲ್ಲೂ ಬಫ್ ಜೀನಿನ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಕ್ಯೂಪಿಸಿಆರ್ ಮಾಡಿದರೆ? ಔಷಧಿ ಹಾಕಿದ್ದರಲ್ಲಿ ಬಫ್ ಇಳಿದಿರಬೇಕು ಅಲ್ವಾ?

ಪಿಪೆಟ್ಟು | ಮಂಗಳವಾರ, ರಾತ್ರಿ 9:30

ಅಲ್ಲೇ ಎಡವೋದು! ಟ್ರೈಸೈಕ್ಲಜೋಲ್ ಜೀನನ್ನು ಮುಟ್ಟಲ್ಲ, ಜೀನಿನಿಂದ ಆದ ಕಿಣ್ವವನ್ನು ಹಿಡಿಯುತ್ತದೆ. ಆರ್‌ಎನ್‌ಎ ಹಾಗೇ ಇರಬಹುದು, ಏರಲೂಬಹುದು. ಆರ್‌ಎನ್‌ಎ ಇದೆ, ಆದ್ದರಿಂದ ಮೆಲನಿನ್ ಇದೆ ಅಂತ ಬರೆದುಬಿಟ್ಟರೆ ವೈವಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಇನ್ನೂ ಮೂರು ಮಾತು, ನಾನು ಪೆಟ್ಟು ತಿಂದು ಕಲಿತದ್ದು.

ಮೊದಲ ದಿನದ ಎಲೆಯಿಂದ ಆರ್‌ಎನ್‌ಎ ತೆಗೆದರೆ ಅದರಲ್ಲಿ ಶಿಲೀಂಧ್ರದ್ದು ನೂರಕ್ಕೆ ಒಂದು ಪಾಲೂ ಇರಲ್ಲ. ಉಳಿದದ್ದೆಲ್ಲ ಭತ್ತದ್ದೇ. ಸೀಕ್ವೆನ್ಸಿಂಗ್‌ಗೆ ಕೊಟ್ಟ ದುಡ್ಡೆಲ್ಲ ಭತ್ತದ ಜಾತಕ ಓದಲು ಹೋಗುತ್ತದೆ. ನಾನು ಮೊದಲ ಸಲ ಮಾಡಿದಾಗ ಶಿಲೀಂಧ್ರದ ರೀಡ್ (ಓದಿ ಬಂದ ಚೂರುಗಳು) ಇಷ್ಟು ಕಮ್ಮಿ ಇರುವುದು ನೋಡಿ ಫೈಲ್ ಹಾಳಾಗಿದೆ ಅಂದುಕೊಂಡಿದ್ದೆ.

ಎರಡನೆಯದು, ಅಳತೆಯ ಕಲ್ಲು. ಶಿಲೀಂಧ್ರದ ಜೀನನ್ನು ಶಿಲೀಂಧ್ರದ್ದೇ ಆಕ್ಟಿನ್ ಅಥವಾ ಟ್ಯೂಬುಲಿನ್, ಅಂದರೆ ಹೆಚ್ಚುಕಮ್ಮಿ ಒಂದೇ ಸಮ ಓಡುವ ಜೀನ್ ಜೊತೆ ಹೋಲಿಸಬೇಕು. ಭತ್ತದ ಆಕ್ಟಿನ್ ಜೊತೆ ಹೋಲಿಸಿದರೆ ಏನಾಗುತ್ತದೆ ಗೊತ್ತಾ? ಮೂರನೇ ದಿನ ಎಲೆಯಲ್ಲಿ ಶಿಲೀಂಧ್ರವೇ ಜಾಸ್ತಿ ಇರುತ್ತದೆ. ಜೀನ್ ಏರಿಲ್ಲ, ತಲೆ ಲೆಕ್ಕ ಏರಿದೆ ಅಷ್ಟೇ. ಗ್ರಾಫ್ ಮಾತ್ರ ಚೆಂದ ಬರುತ್ತದೆ. ಇಂಥ ಚೆಂದದ ಗ್ರಾಫ್ ನಾನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದು, ಎಲೆ ಕಿತ್ತ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ ಹೆಪ್ಪುಗಟ್ಟಿಸಿ. ಟ್ರೇಯಲ್ಲಿ ಇಟ್ಟುಕೊಂಡು ಕಾರಿಡಾರಿನಲ್ಲಿ ಮಾತಾಡುತ್ತಾ ನಿಂತರೆ ಗಿಡವೂ ಬದಲಾಗುತ್ತದೆ, ಶಿಲೀಂಧ್ರವೂ ಬದಲಾಗುತ್ತದೆ.

ಎಲೆಕಣ್ಣು | ಬುಧವಾರ, ಬೆಳಗ್ಗೆ 6:05

ಪಿಪೆಟ್ಟು ಹೇಳಿದ್ದು ನೂರಕ್ಕೆ ನೂರು. ಹುಡುಗಿ, ಜೀನಿಗೆ ಹೋಗುವ ಮುಂಚೆ ಕಣ್ಣಿನಿಂದ ನೋಡಿ. ಒಂದು ಈರುಳ್ಳಿ ತಗೊಳ್ಳಿ. ಒಳಗಿನ ತೆಳು ಪೊರೆ ಸುಲಿದು ಅದರ ಮೇಲೆ ಬೀಜಾಣು ನೀರಿನ ಹನಿ ಇಡಿ. ಒಂದಕ್ಕೆ ಔಷಧಿ, ಒಂದಕ್ಕೆ ಬರೀ ನೀರು. ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ಮುಚ್ಚಿಡಿ. 24 ಗಂಟೆ ಬಿಟ್ಟು ನೋಡಿ ಬಂದು ಹೇಳಿ.

ನಾಲೆ ಬಯಲು | ಬುಧವಾರ, ಬೆಳಗ್ಗೆ 10:45

ನನ್ನದೊಂದು ಪ್ರಶ್ನೆ ಉಳಿದಿದೆ. ಯೂರಿಯಾ ಜಾಸ್ತಿ ಹಾಕಿದ ಗದ್ದೆಗೆ ಬೆಂಕಿ ಜಾಸ್ತಿ. ಇದು ನಮ್ಮಪ್ಪನಿಗೂ ಗೊತ್ತಿತ್ತು. ಕಡು ಹಸಿರಾಗಿ ಮೆತ್ತಗೆ ಬೆಳೆದ ಪೈರಿಗೇ ಮೊದಲು ಹತ್ತುತ್ತದೆ. ನಾವು ಬೇಕೂಂತ ಹಾಕುವುದಲ್ಲ ಸ್ವಾಮಿ. ನಾಲೆ ನೀರು ಯಾವಾಗ ಬರುತ್ತೋ, ಯೂರಿಯಾ ಯಾವಾಗ ಸಿಗುತ್ತೋ. ಸಿಕ್ಕ ದಿನ ಒಟ್ಟಿಗೆ ಎರಚಿಬಿಡುತ್ತೇವೆ. ಇದಕ್ಕೂ ಜೀನಿಗೂ ಏನಾದರೂ ಸಂಬಂಧ ಇದೆಯಾ?

ಎಲೆಕಣ್ಣು | ಬುಧವಾರ, ಮಧ್ಯಾಹ್ನ 12:20

ಇದೆ, ಮತ್ತು ಇದು ನನಗೆ ತುಂಬ ಇಷ್ಟವಾದ ತೊಡಕು.

1993ರಲ್ಲಿ ಎಂಪಿಜಿ1 ಅನ್ನುವ ಜೀನ್ ಸಿಕ್ಕಿತು. ಬೀಜಾಣು ಎಲೆ ಮೇಲೆ ಕೂತು ಗುಮ್ಮಟ ಕಟ್ಟುವ ಹೊತ್ತಿಗೆ ಇದು ಜೋರಾಗಿ ಓಡುತ್ತದೆ. ತಟ್ಟೆಯಲ್ಲಿ ಇದನ್ನು ಓಡಿಸಬೇಕಾದರೆ ಏನು ಮಾಡಬೇಕು ಗೊತ್ತಾ? ಸಾರಜನಕ, ಅಂದರೆ ನಿಮ್ಮ ಯೂರಿಯಾದಲ್ಲಿರುವುದು, ಕೊಡಬಾರದು. ಉಪವಾಸ ಕೆಡವಬೇಕು. ಹಸಿದ ಶಿಲೀಂಧ್ರವೇ ದಾಳಿ ಮಾಡುವುದು ಅಂತ ಆಗ ಎಲ್ಲರ ತಲೆಯಲ್ಲಿ ಕೂತಿತು. ಎಲೆಯ ಹೊರಮೈಯಲ್ಲಿ ತಿನ್ನಲು ಏನೂ ಇಲ್ಲ, ಬೀಜಾಣು ಬುತ್ತಿ ಕಟ್ಟಿಕೊಂಡು ಬಂದದ್ದೇ ಊಟ. ಹಾಗಾಗಿ ಲೆಕ್ಕ ಸರಿ ಅನ್ನಿಸುತ್ತದೆ.

ಹಾಗಾದರೆ ಸಾರಜನಕ ತುಂಬಿದ ಪೈರಿನಲ್ಲಿ ರೋಗ ಕಮ್ಮಿ ಆಗಬೇಕಿತ್ತಲ್ಲ? ನಿಮ್ಮಪ್ಪ ನೋಡಿದ್ದು ಉಲ್ಟಾ. ನಿಮ್ಮಪ್ಪನೇ ಸರಿ. ಹಸಿವಿನ ಕಥೆ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಬೇರೆ ಕಥೆ. 2017ರಲ್ಲಿ ಫ್ರಾನ್ಸಿನ ಒಂದು ಗುಂಪು ಸಾರಜನಕ ಜಾಸ್ತಿ ಕೊಟ್ಟ ಭತ್ತದಲ್ಲಿ ಗಿಡದ ಆರ್‌ಎನ್‌ಎ, ಶಿಲೀಂಧ್ರದ ಆರ್‌ಎನ್‌ಎ ಎರಡನ್ನೂ ಒಟ್ಟಿಗೆ ಓದಿತು. ಶಿಲೀಂಧ್ರದ ದಾಳಿಯ ಜೀನ್‌ಗಳು ಅಲ್ಲಿ ಇನ್ನಷ್ಟು ಏರಿದ್ದವು. ಅಂದರೆ ಪೈರು ಮೆತ್ತಗಾಯಿತು ಅನ್ನುವುದಷ್ಟೇ ಅಲ್ಲ, ಕಳ್ಳನಿಗೂ ಹುರುಪು ಬಂತು.

ಯೂರಿಯಾ ಒಟ್ಟಿಗೆ ಸಿಕ್ಕರೂ ಒಟ್ಟಿಗೆ ಹಾಕಬೇಡಿ ಅಣ್ಣ. ನೆಲದಿಂದ ಎತ್ತರಕ್ಕೆ, ತೇವ ತಾಗದಂತೆ ಇಟ್ಟು ಎರಡು ಮೂರು ಕಂತು ಮಾಡಿ. ಚುಕ್ಕೆ ಕಂಡ ವಾರ ಮೇಲುಗೊಬ್ಬರ ನಿಲ್ಲಿಸಿ.

ನಾಲೆ ಬಯಲು | ಬುಧವಾರ, ಮಧ್ಯಾಹ್ನ 1:00

ಇಡಲು ಜಾಗ ಇದ್ದರೆ ಸರಿ. ಮಳೆಗಾಲದಲ್ಲಿ ಯೂರಿಯಾ ಚೀಲ ಮನೆಯೊಳಗಿಟ್ಟು ನೋಡಿ, ನೀರು ಕುಡಿದು ಕಲ್ಲಾಗಿರುತ್ತದೆ. ಆದರೂ ನೋಡೋಣ.

ತೋಟದಮನೆ | ಬುಧವಾರ, ಸಂಜೆ 5:30

ತೀರ್ಥಹಳ್ಳಿ ಕಡೆಯಿಂದ. ಭತ್ತದ ಮಾತಿನ ನಡುವೆ ಅಡಿಕೆ ತಂದದ್ದಕ್ಕೆ ಕ್ಷಮಿಸಿ. ನಮ್ಮ ಕೊಳೆರೋಗದ ಶಿಲೀಂಧ್ರವೂ ಹೀಗೇ ಗುಮ್ಮಟ ಕಟ್ಟುತ್ತದಾ? ಟ್ರೈಸೈಕ್ಲಜೋಲ್ ಹೊಡೆದರೆ ಮೈಲುತುತ್ತ, ಸುಣ್ಣದ ಬೋರ್ಡೋ ಕಾಯಿಸುವ, ಅಲ್ಲ ಕಲೆಸುವ, ರಗಳೆ ತಪ್ಪುತ್ತದಾ? ಮರ ಹತ್ತುವವರು ಸಿಗದೆ ಸಾಕಾಗಿದೆ.

ಎಲೆಕಣ್ಣು | ಬುಧವಾರ, ರಾತ್ರಿ 7:45

ದಯವಿಟ್ಟು ಹೊಡೆಯಬೇಡಿ! ಕೊಳೆರೋಗ ತರುವ ಫೈಟೊಫ್ಥೊರಾ ಶಿಲೀಂಧ್ರವೇ ಅಲ್ಲ. ನೋಡಲು ಬೂಷ್ಟಿನ ಹಾಗೇ ಇದ್ದರೂ ಅದು ಕಂದು ಪಾಚಿಗಳ ದೂರದ ನೆಂಟ. ಗೋಡೆಯಲ್ಲಿ ಸೆಲ್ಯುಲೋಸ್ ಇರುತ್ತದೆ. ಅದರ ದಾಳಿಗೆ ಈ ಮೆಲನಿನ್ ಗುಮ್ಮಟ ಬೇಕಿಲ್ಲ. ಟ್ರೈಸೈಕ್ಲಜೋಲ್ ಅಲ್ಲಿ ನೀರಿಗೆ ಸಮ.

1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಿದ್ದರು. ಮಲೆನಾಡಿಗೆ ಬೋರ್ಡೋ ದ್ರಾವಣ ಹಬ್ಬಿಸಿದ್ದರಲ್ಲಿ ಅವರ ಪಾಲು ದೊಡ್ಡದು. ನೂರು ವರ್ಷದ ಮೇಲೂ ಶೇಕಡಾ 1ರ ಅದೇ ದ್ರಾವಣ. ಮಳೆಗೆ ಮುಂಚೆ ಅಡಿಕೆ ಗೊನೆ ನೆನೆಯುವಂತೆ ಹೊಡೆಯುವುದೇ ದಾರಿ.

ಆದರೆ ಈಗ ನಿಮ್ಮ ಕಡೆ ಗೋಳು ಹುಯ್ಯುತ್ತಿರುವ ಎಲೆಚುಕ್ಕೆ ರೋಗ ಇದೆಯಲ್ಲ, ಅದು ನಿಜವಾದ ಶಿಲೀಂಧ್ರಗಳದ್ದು. ಅದರಲ್ಲಿ ಮುಖ್ಯವಾದ ಕೊಲೆಟೊಟ್ರೈಕಂ ಕಪ್ಪು ಗುಮ್ಮಟ ಕಟ್ಟುತ್ತದೆ. ಇದರ ಬಂಧುಗಳ ಮೇಲೆ 2012ರಲ್ಲಿ ಬಂದ ಕೆಲಸದಲ್ಲಿ ಎಫೆಕ್ಟರ್‌ಗಳು ಅಲೆ ಅಲೆಯಾಗಿ ಏಳುವುದು ಚೆನ್ನಾಗಿ ಕಂಡಿತ್ತು. ಎಲೆ ತೂತು ಮಾಡುವ ಮುಂಚೆ ಒಂದು ಅಲೆ, ಒಳಗೆ ಸದ್ದಿಲ್ಲದೆ ಬದುಕುವಾಗ ಒಂದು ಅಲೆ, ಕೊನೆಗೆ ಜೀವಕೋಶ ಕೊಂದು ತಿನ್ನುವಾಗ ಕಿಣ್ವಗಳ ದೊಡ್ಡ ಅಲೆ.

ತೋಟದಮನೆ | ಬುಧವಾರ, ರಾತ್ರಿ 8:10

ಒಳ್ಳೆಯದಾಯಿತು ಕೇಳಿದ್ದು. ನಾಳೆ ತರಲು ಚೀಟಿ ಬರೆದಿಟ್ಟಿದ್ದೆ.

ರಾತ್ರಿಪಾಳಿ | ಗುರುವಾರ, ಬೆಳಗಿನ ಜಾವ 3:15

ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ. ಡ್ಯೂಟಿ ಮಧ್ಯೆ ಓದುತ್ತಿದ್ದೇನೆ. ಮನುಷ್ಯರ ಶಿಲೀಂಧ್ರಗಳೂ ಇದೇ ಆಟ ಆಡುತ್ತವೆ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಬಂತಲ್ಲ, ಆ ಕಪ್ಪು ಶಿಲೀಂಧ್ರದ್ದಲ್ಲ. ರಕ್ತನಾಳ ಮುಚ್ಚಿ ಸತ್ತ ನಮ್ಮದೇ ಮಾಂಸದ ಬಣ್ಣ. ತಟ್ಟೆಯಲ್ಲಿ ಆ ರೋಗ ತರುವ ರೈಜೋಪಸ್ ಬೆಳ್ಳಗೆ ಹತ್ತಿಯ ಹಾಗೆ ಎದ್ದು, ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮುಚ್ಚಳ ಎತ್ತುವ ಹಾಗೆ ಬೆಳೆಯುತ್ತದೆ. ಬ್ರೆಡ್ಡಿನ ಮೇಲೆ ಬರುವ ಬೂಷ್ಟಿನ ಜಾತಿಯೇ. ನಾವೆಲ್ಲ ದಿನಾ ಅದರ ಬೀಜಾಣು ಉಸಿರಾಡುತ್ತೇವೆ, ಏನೂ ಆಗಲ್ಲ.

ಸಕ್ಕರೆ ಹತೋಟಿ ತಪ್ಪಿ ರಕ್ತ ಹುಳಿಯಾದಾಗ, ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣ ಸಡಿಲವಾಗುತ್ತದೆ. ರೈಜೋಪಸ್‌ಗೆ ಕಬ್ಬಿಣ ಅಂದರೆ ಪ್ರಾಣ. ಕಬ್ಬಿಣ ಸೆಳೆಯುವ ಎಫ್‌ಟಿಆರ್1 ಅನ್ನುವ ಜೀನನ್ನು ಸೋಂಕಿನ ಹೊತ್ತಿನಲ್ಲಿ ಓಡಿಸುತ್ತದೆ. ಆ ಜೀನನ್ನು ತಗ್ಗಿಸಿದರೆ ಇಲಿಗಳಲ್ಲಿ ರೋಗದ ಜೋರು ಇಳಿಯುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಲ್ಯಾಬಿಗೆ ಬರುತ್ತಿದ್ದ ಚೀಟಿಗಳಲ್ಲಿ ಮೊದಲು ನಾನು ನೋಡುತ್ತಿದ್ದದ್ದು ಸಕ್ಕರೆ ಅಂಕಿ.

ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಗುಂಡಗಿನ ಯೀಸ್ಟ್ ಆಗಿದ್ದಾಗ ಬಾಯಲ್ಲಿ, ಕರುಳಲ್ಲಿ ಸುಮ್ನೆ ಇರುತ್ತದೆ. ಎಳೆಯಾಗಿ ಚಾಚಿಕೊಂಡಾಗ ಇಸಿಇ1 ಅನ್ನುವ ಜೀನ್ ಭಾರೀ ಓಡುತ್ತದೆ. ಈ ಜೀನ್ ಬಹಳ ವರ್ಷ ಬರೀ ಎಳೆಯ ಗುರುತಾಗಿತ್ತು, ಏನು ಮಾಡುತ್ತದೆ ಅಂತ ತಿಳಿದಿರಲಿಲ್ಲ. 2016ರಲ್ಲಿ ಗೊತ್ತಾಯಿತು, ಅದರಿಂದ ಕ್ಯಾಂಡಿಡಾಲೈಸಿನ್ ಅನ್ನುವ ವಿಷ ಬರುತ್ತದೆ, ಅದು ನಮ್ಮ ಜೀವಕೋಶದ ಪೊರೆ ತೂತು ಮಾಡುತ್ತದೆ. ಭತ್ತದಲ್ಲಿ ಮೊಳೆ, ಇಲ್ಲಿ ವಿಷ.

ಸುಮ್ನೆ ಕೇಳ್ದೆ | ಗುರುವಾರ, ಬೆಳಗ್ಗೆ 9:00

ಎಲ್ಲ ಚೆನ್ನಾಗಿದೆ. ಆದರೆ ನಾಲೆ ಬಯಲು ಅಣ್ಣನಿಗೆ ಇದರಿಂದ ಏನು ಬಂತು? 546 ಎಫೆಕ್ಟರ್ ಎಣಿಸಿದರೆ ಒಂದು ಚೀಲ ಭತ್ತ ಜಾಸ್ತಿ ಬರುತ್ತದಾ?

ಎಲೆಕಣ್ಣು | ಗುರುವಾರ, ಬೆಳಗ್ಗೆ 11:30

ಎಣಿಸಿದರೆ ಬರಲ್ಲ. ಅದರಲ್ಲಿ ಭತ್ತಕ್ಕೆ ಯಾವುದು ಗುರುತು ಸಿಗುತ್ತದೆ ಅಂತ ತಿಳಿದರೆ ಬರುತ್ತದೆ. ಕೆಲವು ಭತ್ತದ ತಳಿಗಳಲ್ಲಿ ಒಂದೊಂದು ಕಾವಲುಗಾರ ಜೀನ್ ಇದೆ. ಅದು ಒಂದು ಎಫೆಕ್ಟರನ್ನು ಮುಖ ನೋಡಿ ಹಿಡಿಯುತ್ತದೆ. ವಿಯೆಟ್ನಾಂ ಮೂಲದ ಟೆಟೆಪ್ ತಳಿಯಿಂದ ಬಂದ ಪಿಐ54 ಅಂಥದ್ದು. ನಮ್ಮ ದೇಶದಲ್ಲೇ ಅದರ ಮೇಲೆ ಕೆಲಸ ನಡೆಯಿತು. 2021ರಲ್ಲಿ ಬಂದ ಪೂಸಾ ಬಾಸ್ಮತಿ 1847ರಲ್ಲಿ ಪಿಐ54, ಪಿಐ2 ಎರಡನ್ನೂ ಕೂರಿಸಿದ್ದಾರೆ. ನಾವು ಇಷ್ಟಪಟ್ಟು ಉಣ್ಣುವ ಬಿಪಿಟಿ 5204, ಅದೇ ಸಾಂಬಾ ಮಸೂರಿ, ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ.

ಕಾವಲುಗಾರ ಒಬ್ಬನೇ ಇದ್ದರೆ ಶಿಲೀಂಧ್ರ ವೇಷ ಬದಲಿಸುತ್ತದೆ. ಪಿಐ-ಟಾ ಅನ್ನುವ ಕಾವಲುಗಾರ ಹಿಡಿಯುವ ಎಫೆಕ್ಟರಿನ ಜೀನ್ ವರ್ಣತಂತುವಿನ ತುದಿಯಲ್ಲಿ ಕೂತಿದೆ. ತುದಿ ಅಂದರೆ ಸೀರೆ ಸೆರಗಿನ ಹಾಗೆ, ಬೇಗ ಹರಿಯುತ್ತದೆ. ಒಂದೊಂದು ಸಲ ಆ ಜೀನೇ ಬಿದ್ದುಹೋಗುತ್ತದೆ, ಒಂದೊಂದು ಸಲ ಹಾರುವ ಜೀನ್ ಬಂದು ಮಧ್ಯೆ ಕೂತು ಕೆಡಿಸುತ್ತದೆ. ಗುರುತು ಚೀಟಿ ಎಸೆದ ಕಳ್ಳನನ್ನು ಯಾರು ಹಿಡಿಯುತ್ತಾರೆ? ಹಾಗಾಗಿಯೇ ಒಂದೇ ಜೀನ್ ನೆಚ್ಚಿದ ತಳಿ ಕೆಲವೇ ವರ್ಷಕ್ಕೆ ಸೋಲುವುದು. ಯಾವ ಎಫೆಕ್ಟರ್ ಇಲ್ಲದೆ ಶಿಲೀಂಧ್ರ ಬದುಕಲಾರದೋ, ಅದನ್ನು ಹಿಡಿಯುವ ಕಾವಲುಗಾರ ಬೇಕು. ಅದಕ್ಕೆ ಈ ಎಣಿಕೆ.

ಪಿಎಂಕೆ1 ಅನ್ನುವ ಜೀನ್ ನೋಡಿ. ಅದನ್ನು ತೆಗೆದರೆ ಶಿಲೀಂಧ್ರಕ್ಕೆ ಗುಮ್ಮಟ ಕಟ್ಟಲು ಬರಲ್ಲ. ಎಲೆ ಗೀರಿ ಒಳಗೆ ಬಿಟ್ಟರೂ ರೋಗ ತರಲ್ಲ. ಮೆಲನಿನ್ ಜೀನ್‌ಗಳಿಗೂ ಇದಕ್ಕೂ ಅಷ್ಟು ವ್ಯತ್ಯಾಸ. ಬಾಗಿಲಿಗೂ ಬೇಕು, ಮನೆಯೊಳಗೂ ಬೇಕು.

ಪಿಪೆಟ್ಟು | ಗುರುವಾರ, ಮಧ್ಯಾಹ್ನ 12:05

ಇನ್ನೊಂದು ದಾರಿ ಆರ್‌ಎನ್‌ಎ ಸಿಂಪಡಣೆ. ಶಿಲೀಂಧ್ರದ ಜೀನಿಗೆ ಹೊಂದುವ ಜೋಡಿ ಎಳೆ ಆರ್‌ಎನ್‌ಎ ಹೊಡೆದು ಆ ಜೀನನ್ನು ಬಾಯಿ ಮುಚ್ಚಿಸುವುದು. ತಮಾಷೆ ಅಂದರೆ ಈ ಉಪಾಯ ಶಿಲೀಂಧ್ರಕ್ಕೆ ಮೊದಲೇ ಗೊತ್ತಿತ್ತು. 2013ರಲ್ಲಿ ಬಂದ ಕೆಲಸದಲ್ಲಿ ಬೊಟ್ರೈಟಿಸ್ ಅನ್ನುವ ಶಿಲೀಂಧ್ರ ತನ್ನ ಪುಟ್ಟ ಆರ್‌ಎನ್‌ಎಗಳನ್ನು ಟೊಮ್ಯಾಟೊ ಗಿಡದೊಳಗೆ ಬಿಟ್ಟು ಗಿಡದ ರಕ್ಷಣೆಯ ಜೀನ್‌ಗಳನ್ನೇ ಮಲಗಿಸುವುದು ಕಂಡಿತು. ಆದರೆ ಎಲ್ಲ ಶಿಲೀಂಧ್ರವೂ ಹೊರಗಿನ ಆರ್‌ಎನ್‌ಎಯನ್ನು ಸಲೀಸಾಗಿ ಹೀರಲ್ಲ. ಬಿಸಿಲಿಗೆ, ಮಳೆಗೆ ಬೇಗ ಹಾಳಾಗುತ್ತದೆ. ಗದ್ದೆಗೆ ಬರಲು ಇನ್ನೂ ಸಮಯ ಇದೆ ಅಂತ ನನ್ನ ಅನಿಸಿಕೆ.

ಬೂಷ್ಟು ಹುಡುಗಿ | ಶನಿವಾರ, ಬೆಳಗ್ಗೆ 11:50

ನೋಡಿದೆ ಸರ್!!

ಮೊದಲ ಸಲ ಪೊರೆ ಮಡಚಿಕೊಂಡು ಏನೂ ಕಾಣಲಿಲ್ಲ. ಎರಡನೇ ಸಲ ಸರಿ ಬಂತು. ಬರೀ ನೀರಿನದ್ದರಲ್ಲಿ ಬೀಜಾಣುಗಳು ಬಾಡಿ, ಒಳಗೆ ಏನೂ ಇಲ್ಲದ ಹೊಟ್ಟಿನ ಹಾಗೆ ಬಿದ್ದಿದ್ದವು. ಒಂದೊಂದರ ಮುಂದೆಯೂ ಒಂದು ಗುಂಡಗಿನ ಬೊಟ್ಟು. ಫೋಕಸ್ ಸರಿ ಮಾಡಿದರೆ ಸುತ್ತ ದಪ್ಪ ಕಪ್ಪು ಉಂಗುರ, ಸಾಸಿವೆ ಕಾಳಿಗೆ ಕಾಡಿಗೆ ಹಚ್ಚಿದ ಹಾಗೆ. ಕೆಲವು ಬೊಟ್ಟಿನ ಅಡಿಯಿಂದ ಈರುಳ್ಳಿ ಕೋಶದೊಳಗೆ ದಪ್ಪ ಎಳೆ ಇಳಿದಿತ್ತು.

ಔಷಧಿ ಹಾಕಿದ್ದರಲ್ಲೂ ಅಷ್ಟೇ ಬೊಟ್ಟುಗಳು. ಅಷ್ಟೇ ದೊಡ್ಡವು. ಆದರೆ ಉಂಗುರವೇ ಇಲ್ಲ, ತೆಳ್ಳಗೆ ಗಾಜಿನ ಹಾಗೆ. 50 ಬೊಟ್ಟು ಎಣಿಸಿದೆ, ಒಂದರ ಅಡಿಯಲ್ಲೂ ಎಳೆ ಕಾಣಲಿಲ್ಲ.

ಮಾವನಿಗೆ ಫೋನ್ ಮಾಡಿದೆ. ಹೊಸ ಎಲೆ ನೋಡಿ ಅಂದೆ. "ಹೊಸದರಲ್ಲಿ ಚುಕ್ಕೆ ಇಲ್ಲ, ಆದರೆ ಅಂಗಡಿಯವನ ಮುಂದೆ ಈಗ ಹೇಗೆ ನಿಲ್ಲಲಿ" ಅಂದರು. ಹೊಡೆ ತುಂಬುವುದಕ್ಕೆ ಇನ್ನೂ ಹತ್ತು ದಿನ ಇದೆಯಂತೆ. ಆಗ ಇನ್ನೊಂದು ಸಲ ಹೊಡೆಯಲು ಪುಡಿ ಅದೇ ಅಂಗಡಿಯಿಂದ ತರಬೇಕು.

ನಾಲೆ ಬಯಲು | ಶನಿವಾರ, ಮಧ್ಯಾಹ್ನ 2:20

ನಿಮ್ಮ ಮಾವನಿಗೆ ಹೇಳಮ್ಮ, ನಾನೂ ಅದೇ ಸಾಲಿನಲ್ಲಿ ನಿಂತಿದ್ದೇನೆ ಅಂತ.

ಅಂದಹಾಗೆ ಆ ಕಪ್ಪು ಉಂಗುರ ನೋಡಲು ನಮ್ಮೂರ ಹೈಸ್ಕೂಲಿನ ಮೈಕ್ರೋಸ್ಕೋಪ್ ಸಾಕಾ? ಮೇಷ್ಟ್ರು ಪರಿಚಯ. ಮಕ್ಕಳಿಗೂ ತೋರಿಸಬಹುದು.

ಬೂಷ್ಟು ಹುಡುಗಿ | ಶನಿವಾರ, ಮಧ್ಯಾಹ್ನ 2:45

40ರ ಲೆನ್ಸ್ ಇದ್ದರೆ ಸಾಕು ಅಣ್ಣ. ಚುಕ್ಕೆ ಇರುವ ಎಲೆಯನ್ನು ಒದ್ದೆ ಹತ್ತಿ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ, ಚುಕ್ಕೆ ಮೇಲೆ ಬೂದಿಯ ಹಾಗೆ ಬೀಜಾಣು ಬರುತ್ತದೆ. ಅದನ್ನು ನೀರಲ್ಲಿ ಅದ್ದಿ ಈರುಳ್ಳಿ ಪೊರೆ ಮೇಲೆ ಹನಿ ಇಡಿ. ಪೊರೆ ಮಡಚಿಕೊಳ್ಳದ ಹಾಗೆ ನಾಲ್ಕೂ ಮೂಲೆ ಸೂಜಿಯಿಂದ ಬಿಡಿಸಿ. ನಾನು ಮೊದಲ ಸಲ ಕೆಟ್ಟದ್ದು ಅಲ್ಲೇ.